ಓಟು ಮುಖಕ್ಕೋ, ಚಿಹ್ನೆಗೋ?

ಪ್ರಶ್ನೆ: ವಿಧಾನಸಭೆ ಚುನಾವಣೆಯಲ್ಲಿ ಪಕ್ಷಕ್ಕಿಂತ ಅಭ್ಯರ್ಥಿಯನ್ನೇ ನೋಡಿ ಓಟು ಹಾಕಬೇಕೇ?

ಪರ: ಮೇಳ ಗೊತ್ತಾಯಿತು, ವೇಷ ಯಾರದ್ದು?

ಉಡುಪಿ ಕಡೆಯವರು ಯಕ್ಷಗಾನ ಆಟಕ್ಕೆ ಹೊರಡುವಾಗ ಮೇಳ ಯಾವುದೆಂದು ಕೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಇವತ್ತು ಪದ ಹಾಡುವ ಭಾಗವತರು ಯಾರು, ಕರ್ಣನ ವೇಷ ಯಾರದ್ದು? ಒಂದು ರಾತ್ರಿಯ ಆಟಕ್ಕೆ ಇಷ್ಟು ವಿಚಾರಿಸುವ ನಾವು, ಐದು ವರ್ಷದ ಶಾಸಕನ ವಿಷಯಕ್ಕೆ ಬಂದರೆ ಚಿಹ್ನೆ ಯಾವುದೆಂದಷ್ಟೇ ಕೇಳಿ ಬಟನ್ ಒತ್ತಿ ಬರುತ್ತೇವೆ.

ಮುಖ ನೋಡಿ ಹಾಕಿದ ಓಟು ದಂಡ ಎನ್ನುವವರು ಕುಂದಾಪುರವನ್ನು ನೆನಪಿಸಿಕೊಳ್ಳಬೇಕು. ಹಾಲಾಡಿ ಶ್ರೀನಿವಾಸ ಶೆಟ್ಟರು ಬಿಜೆಪಿಯಿಂದ ಮೂರು ಸಲ ಗೆದ್ದವರು. ಮಂತ್ರಿಸ್ಥಾನದ ವಿಚಾರದಲ್ಲಿ ಮನಸ್ಸು ಮುರಿದು ಪಕ್ಷ ಬಿಟ್ಟರು, 2013ರಲ್ಲಿ ಪಕ್ಷೇತರರಾಗಿ ನಿಂತರು, ಆಗಲೂ ಗೆದ್ದರು. 2018ರಲ್ಲಿ ಮತ್ತೆ ಬಿಜೆಪಿಯಿಂದ ನಿಂತಾಗ ಅಂತರ 56,405. ಕಮಲ ಜೊತೆಗಿದ್ದಾಗಲೂ ಇಲ್ಲದಾಗಲೂ ಜನ ಹಾಲಾಡಿಯವರನ್ನೇ ಆರಿಸಿದರು.

ಪುತ್ತೂರಿನ ಕತೆ ಇನ್ನೂ ಹತ್ತಿರದ್ದು. 2023ರಲ್ಲಿ ಬಿಜೆಪಿ ಹಾಲಿ ಶಾಸಕರನ್ನು ಬಿಟ್ಟು ಆಶಾ ತಿಮ್ಮಪ್ಪ ಗೌಡರಿಗೆ ಟಿಕೆಟ್ ಕೊಟ್ಟಿತು. ಕಾರ್ಯಕರ್ತರಲ್ಲಿ ದೊಡ್ಡ ಪಾಲು ಬಂಡಾಯ ನಿಂತ ಅರುಣ್ ಕುಮಾರ್ ಪುತ್ತಿಲರ ಹಿಂದೆ ಹೋಯಿತು. ಪುತ್ತಿಲರಿಗೆ 62,458 ಓಟು, ಅಧಿಕೃತ ಅಭ್ಯರ್ಥಿಗೆ 37,558. ಬೆಂಗಳೂರಿನಿಂದಲೋ ದೆಹಲಿಯಿಂದಲೋ ಇಳಿದ ಪಟ್ಟಿಯನ್ನು ಊರು ಒಪ್ಪಲೇಬೇಕೆಂದೇನೂ ಇಲ್ಲ.

ಆದರೆ ನನ್ನ ಮುಖ್ಯ ತಕರಾರು ಗೆಲುವು ಸೋಲಿನದ್ದಲ್ಲ, ಬಸ್ಸಿನದ್ದು. ನಗಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ರಾಜ್ಯದ ಹೆಂಗಸರಿಗೆಲ್ಲ ಸರಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಒಳ್ಳೆಯದೇ. ಮಲ್ಪೆಯಿಂದ ಮಣಿಪಾಲಕ್ಕೆ ಹೋಗಲು ನಿಂತು ನೋಡಿ, ನಿಮ್ಮ ಮುಂದೆ ಸಾಲಾಗಿ ಹೋಗುವುದು ಹೆಚ್ಚಿನವು ಖಾಸಗಿ ಬಸ್ಸು. ಕರಾವಳಿಯ ಬಸ್ಸಿನ ವ್ಯವಸ್ಥೆಯೇ ಹಾಗೆ ಬೆಳೆದದ್ದು. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸು, ಬಟ್ಟೆ ಅಂಗಡಿಯಲ್ಲಿ ನಿಂತು ದುಡಿಯುವ ಹುಡುಗಿ ಇವತ್ತಿಗೂ ಕಂಡಕ್ಟರನ ಕೈಗೆ ದುಡ್ಡು ಇಡುತ್ತಾರೆ. ಪಕ್ಷದ ಪ್ರಣಾಳಿಕೆ ಇಡೀ ರಾಜ್ಯಕ್ಕೆ ಒಂದೇ ಅಳತೆಯಲ್ಲಿ ಹೊಲಿದ ಅಂಗಿ. ನಮ್ಮಲ್ಲಿ ಅದು ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಹೇಳಬೇಕಾದವನು ಇಲ್ಲಿನ ಬಸ್ಸು ಹತ್ತಿ ಇಳಿದ ಅಭ್ಯರ್ಥಿ. ಈ ರೂಟಿಗೆ ಇಷ್ಟು ಸರಕಾರಿ ಬಸ್ಸು ತರಿಸುತ್ತೇನೆಂದು ಹೇಳಿ ಓಟು ಕೇಳಿದವರು ಎಷ್ಟು ಜನ? ನಾವೂ ಕೇಳಲಿಲ್ಲ ಅನ್ನಿ.

ಹಿನ್ನೆಲೆ ತಿಳಿಯಲು ದಾರಿ ಇಲ್ಲವೆಂದಲ್ಲ. ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದ ಮೇಲೆ ಪ್ರತಿ ಅಭ್ಯರ್ಥಿಯೂ ಆಸ್ತಿ, ಸಾಲ, ಓದು, ಮೇಲಿರುವ ಕೇಸು ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆದು ಕೊಡಬೇಕು. ಯಾರು ಬೇಕಾದರೂ ಓದಬಹುದು. ಮದುವೆ ಮಾತುಕತೆಯಲ್ಲಿ ಬರಿ (ಕುಲದ ಬಳಿ) ಯಾವುದು, ಮೂಲಮನೆ ಎಲ್ಲಿ ಎಂದು ಮೂರು ತಲೆಮಾರು ಕೆದಕುವವರು ಆ ಕೆಲವು ಹಾಳೆ ತಿರುವಿ ನೋಡುವುದಿಲ್ಲ.

ವಿರೋಧ: ಪದ ಹೇಳುವವರು ಭಾಗವತರು

ಆಟದ ಹೋಲಿಕೆ ಚೆನ್ನಾಗಿದೆ, ಅದನ್ನೇ ಮುಂದುವರಿಸುತ್ತೇನೆ. ಎಷ್ಟೇ ದೊಡ್ಡ ವೇಷಧಾರಿಯಾದರೂ ಭಾಗವತರ ಪದ ಬಿಟ್ಟು ಕುಣಿಯುವ ಹಾಗಿಲ್ಲ. ವಿಧಾನಸಭೆಯಲ್ಲಿ ಆ ಪದದ ಹೆಸರು ವಿಪ್, ಅಂದರೆ ಹೀಗೇ ಓಟು ಹಾಕಿ ಎಂಬ ಪಕ್ಷದ ಅಪ್ಪಣೆ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ಶಾಸಕ ವಿಪ್ ಮೀರಿ ಓಟು ಹಾಕಿದರೆ ಕುರ್ಚಿಯನ್ನೇ ಕಳೆದುಕೊಳ್ಳಬಹುದು. ನೀವು ಮನುಷ್ಯನನ್ನು ಆರಿಸುತ್ತೀರಿ; ಬಜೆಟ್‌ಗೆ, ಮಸೂದೆಗೆ ಕೈ ಎತ್ತುವುದು ಪಕ್ಷ.

ನಾನು ಹಲವು ಚುನಾವಣೆಗಳಲ್ಲಿ ಬೂತಿನಿಂದ ಇನ್ನೂರು ಮೀಟರ್ ಆಚೆ ಟೇಬಲ್ ಹಾಕಿ ಚೀಟಿ ಬರೆದು ಕೊಟ್ಟವನು. ಯಾವ ಪಕ್ಷದ ಟೇಬಲ್ ಎಂದು ಇಲ್ಲಿ ಬೇಡ. ಬಂದವರು ಅಭ್ಯರ್ಥಿಯ ಹೆಸರು ಕೇಳಿದ್ದು ಕಡಿಮೆ. 'ನಮ್ಮದು ಎಷ್ಟನೆಯದು ಉಂಟು ಮಾರಾಯ್ರೆ?' ಇಷ್ಟೇ. ಯಂತ್ರದ ಮೇಲೆ ಅಭ್ಯರ್ಥಿಯ ಫೋಟೊ ಹಾಕಲು 2015ರಿಂದ ಶುರುಮಾಡಿದರು. ಫೋಟೊ ಬಂದ ಮೇಲೂ ಪ್ರಶ್ನೆ ಬದಲಾಗಲಿಲ್ಲ.

ಇದು ಜನರ ಸೋಮಾರಿತನ ಎಂದು ಮೂಗು ಮುರಿಯುವ ಮೊದಲು ಕಾಪುವಿನ ಲೆಕ್ಕ ನೋಡಿ. 2018ರಲ್ಲಿ ಬಿಜೆಪಿಯ ಲಾಲಾಜಿ ಮೆಂಡನ್ ಕಾಂಗ್ರೆಸ್ಸಿನ ವಿನಯ ಕುಮಾರ್ ಸೊರಕೆಯವರನ್ನು 11,917 ಓಟಿನಿಂದ ಸೋಲಿಸಿದರು. 2023ರಲ್ಲಿ ಬಿಜೆಪಿ ಮೆಂಡನ್ನರನ್ನು ಬಿಟ್ಟು ಗುರ್ಮೆ ಸುರೇಶ್ ಶೆಟ್ಟರನ್ನು ನಿಲ್ಲಿಸಿತು. ಎದುರಿಗೆ ಅದೇ ಸೊರಕೆ, ಸಂಸದರೂ ಮಂತ್ರಿಯೂ ಆಗಿದ್ದವರು. ಅಂತರ 13,004. ಮೂರು ಸಲ ಶಾಸಕರಾದವರು ಹೋಗಿ ಹೊಸಬರು ಬಂದರು, ತಕ್ಕಡಿ ಸಾವಿರ ಓಟಿನಷ್ಟು ಅಲುಗಿತು, ಅದೂ ಹೊಸಬರ ಕಡೆಗೆ. ಉಡುಪಿ, ಬೈಂದೂರುಗಳಲ್ಲೂ ಹಾಲಿ ಶಾಸಕರಿಗೆ ಟಿಕೆಟ್ ಇರಲಿಲ್ಲ. ಕುಂದಾಪುರದಲ್ಲಿ ಹಾಲಾಡಿಯವರೇ ಹಿಂದೆ ಸರಿದು ಕಿರಣ್ ಕೊಡ್ಗಿ ಬಂದರು. ನಾಲ್ಕೂ ಕಡೆ ಹೊಸ ಮುಖ, ನಾಲ್ಕೂ ಕಡೆ ಕಮಲ.

ಇನ್ನು 'ಮುಖ' ಎಂಬ ಮಾತಿಗೆ ನಮ್ಮಲ್ಲಿ ಏನರ್ಥ ಎಂದು ಬಿಚ್ಚಿ ಹೇಳೋಣ. ಅಭ್ಯರ್ಥಿಯ ಹಿನ್ನೆಲೆ ಎಂದಾಕ್ಷಣ ಕಟ್ಟೆಯಲ್ಲಿ ಕೂತವರು ಕೇಳುವುದು ಅಫಿಡವಿಟ್ ಅಲ್ಲ, ಬಂಟರೋ ಬಿಲ್ಲವರೋ ಮೊಗವೀರರೋ ಎಂದು. ಎದುರು ಪಾಳಯದವರು ಬರಿ, ಮೂಲಮನೆಯ ಮಾತು ಎತ್ತಿದ್ದೇ ಒಳ್ಳೆಯದಾಯಿತು. ಉಡುಪಿಯಲ್ಲಿ 2023ರಲ್ಲಿ ಎರಡೂ ದೊಡ್ಡ ಪಕ್ಷಗಳು ಮೊಗವೀರರನ್ನೇ ನಿಲ್ಲಿಸಿದವು, ಬಿಜೆಪಿಯಿಂದ ಯಶ್‌ಪಾಲ್ ಸುವರ್ಣ, ಕಾಂಗ್ರೆಸ್ಸಿನಿಂದ ಪ್ರಸಾದ್‌ರಾಜ್ ಕಾಂಚನ್. ಜಾತಿಯ ಲೆಕ್ಕ ಅಲ್ಲಿಗೆ ಕುಸಿಯಿತು. 32,776ರ ಅಂತರ ಚಿಹ್ನೆಯದ್ದು, ಹೆಚ್ಚೆಂದರೆ ಚಿಹ್ನೆಯ ಹಿಂದಿನ ಸಂಘಟನೆಯದ್ದು.

ಸಜ್ಜನಿಕೆಗೆ ಓಟು ಬೀಳುತ್ತದೆಂದು ನನಗೂ ಆಸೆ ಇತ್ತು. ಕಾರ್ಕಳದ ಗೋಪಾಲ ಭಂಡಾರಿಯವರು ಎರಡು ಸಲ ಶಾಸಕರಾಗಿದ್ದವರು, ಸರಳತೆಗೆ ಹೆಸರಾದವರು. 2019ರಲ್ಲಿ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿರುವಾಗಲೇ ತೀರಿಕೊಂಡರು. ಬಸ್ಸು ಹತ್ತಿ ಇಳಿದ ಅಭ್ಯರ್ಥಿ ಬೇಕೆಂದಿರಲ್ಲ? ಅದಕ್ಕೆ ಹಿಂದಿನ ವರ್ಷವಷ್ಟೇ ಅವರು 42,566 ಓಟುಗಳಿಂದ ಸೋತಿದ್ದರು. ಅಲ್ಲಿ ಮುಖಕ್ಕೇನೂ ಕೊರತೆ ಇರಲಿಲ್ಲ.

ಬಸ್ಸಿನ ತಕರಾರನ್ನು ಒಪ್ಪುತ್ತೇನೆ, ಅರ್ಧ. ಉಡುಪಿ ಜಿಲ್ಲೆಯ ಐದೂ ಶಾಸಕರು ವಿರೋಧ ಪಕ್ಷದವರು. ಆದರೂ ಗೃಹಲಕ್ಷ್ಮಿಯ 2,000 ರೂಪಾಯಿ ಉಡುಪಿಯ ಹೆಂಗಸರ ಖಾತೆಗೆ ಬೀಳುತ್ತದೆ, ಕಂತು ತಡವಾಗುವ ಮಾತು ಬೇರೆ. ಆ ಹಣ ತಂದದ್ದು ಇಲ್ಲಿನ ಯಾವ ಅಭ್ಯರ್ಥಿಯ ಭರವಸೆಯೂ ಅಲ್ಲ, ಒಂದು ಪಕ್ಷದ ಪ್ರಣಾಳಿಕೆ. ಶಾಸಕನ ಕೈಯಲ್ಲಿರುವ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಅದರಲ್ಲಿ ಕಾಂಕ್ರೀಟ್ ರಸ್ತೆಯ ತುಂಡು, ಬಸ್ ತಂಗುದಾಣ ಆದೀತು, ಬಸ್ಸು ಬರುವುದಿಲ್ಲ. ವರ್ಷಗಟ್ಟಲೆ ಎಳೆದ ಉಡುಪಿಯ ಇಂದ್ರಾಳಿ ರೈಲ್ವೆ ಸೇತುವೆಗೆ ಎಲ್ಲರೂ ಶಾಸಕರನ್ನೇ ಬೈದರು, ಆದರೆ ಹೆದ್ದಾರಿಯೂ ರೈಲ್ವೆಯೂ ಕೇಂದ್ರದ್ದು.

ಪುತ್ತೂರು? ಪುತ್ತಿಲರ ಓಟು, ಬಿಜೆಪಿಯ ಓಟು ಕೂಡಿಸಿದರೆ ಲಕ್ಷ ದಾಟುತ್ತದೆ. ಗೆದ್ದದ್ದು 66,607 ಓಟು ಪಡೆದ ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ. ಮುಖ ನೋಡಿ ಹಾಕಿದವರಿಗೆ ಆ ಮುಖವೂ ಸಿಗಲಿಲ್ಲ, ಪಕ್ಷವೂ ಸಿಗಲಿಲ್ಲ. ಉಡುಪಿಯ ರಘುಪತಿ ಭಟ್ಟರು ಟಿಕೆಟ್ ತಪ್ಪಿದ ಮರುವರ್ಷ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಿಂದ ಬಂಡಾಯ ನಿಂತು ಸೋತರು. ಹಾಲಾಡಿಯವರೊಬ್ಬರು ಗೆದ್ದರು, ಹೌದು. ಗೆದ್ದು ಐದು ವರ್ಷದಲ್ಲಿ ಹಳೆಯ ಪಕ್ಷಕ್ಕೇ ಬಂದರು. ಪುತ್ತಿಲರೋ, ಹನ್ನೆರಡು ತಿಂಗಳೂ ಕಾಯಲಿಲ್ಲ. 2024ರ ಲೋಕಸಭೆ ಚುನಾವಣೆಯ ಹೊತ್ತಿಗೆ ಬಿಜೆಪಿ ಸೇರಿಯಾಗಿತ್ತು.