ಅಡ್ಮಿಷನ್ ಆಯ್ತಲ್ಲ, ಎಪಿ ಪರೀಕ್ಷೆ ಇನ್ಯಾಕೆ ಅಂತ ಮಕ್ಕಳಿಗೆ ಹೇಳಬೇಡಿ

ಇವತ್ತು ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋಗಿದ್ದೆ. ಹೋಳಿಗೆಗೆ ಸಾಲಿನಲ್ಲಿ ನಿಂತಿದ್ದಾಗ ನನ್ನ ಹಿಂದೆ ಒಬ್ಬರು ಹನ್ನೆರಡನೇ ಕ್ಲಾಸಿನ ಹುಡುಗನಿಗೆ ಹೇಳುತ್ತಿದ್ದರು: "ಅಡ್ಮಿಷನ್ ಆಯ್ತಲ್ಲಪ್ಪ, ಇನ್ನು ಎಪಿ ಎಕ್ಸಾಮ್ ಯಾಕೆ ಬರೀತೀಯ? ಸುಮ್ನೆ ದುಡ್ಡು ದಂಡ. ಆರಾಮಾಗಿರು." ಹುಡುಗ ಖುಷಿಯಿಂದ ತಲೆಯಾಡಿಸಿದ. ಅವನಮ್ಮನೂ ಹೌದೇನೋ ಅನ್ನುವಂತೆ ನಿಂತಿದ್ದರು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಊರಲ್ಲಿರುವ ಗೆಳೆಯರಿಗಾಗಿ ಹೇಳುತ್ತೇನೆ. ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಅಂದರೆ ಇಲ್ಲಿ ಅಮೆರಿಕದಲ್ಲಿ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠ. ಅದರ ಪರೀಕ್ಷೆಯ ಅಂಕ ನೋಡಿ ಕಾಲೇಜು ಕೊಡುವ ಕ್ರೆಡಿಟ್ ಡಿಗ್ರಿಯ ಲೆಕ್ಕಕ್ಕೆ ಸೇರುತ್ತದೆ. ಆ ಹುಡುಗ ಸೇರುತ್ತಿರುವುದು ನಮ್ಮ ಇಲಿನಾಯ್ ರಾಜ್ಯದ್ದೇ ಸರ್ಕಾರಿ ಯೂನಿವರ್ಸಿಟಿಗೆ. ಈ ರಾಜ್ಯದಲ್ಲಿ 2015ರಲ್ಲೇ ಕಾನೂನಾಗಿದೆ. ಎಪಿಯಲ್ಲಿ 5ಕ್ಕೆ 3 ಬಂದರೂ ಸರ್ಕಾರಿ ಕಾಲೇಜುಗಳು ಕ್ರೆಡಿಟ್ ಕೊಡಲೇಬೇಕು. ಅದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು, ಮೇಜರ್‌ಗೋ (ಮುಖ್ಯ ವಿಷಯಕ್ಕೋ) ಎಲೆಕ್ಟಿವ್‌ಗೋ (ಆಯ್ಕೆಯ ವಿಷಯಕ್ಕೋ), ಅನ್ನುವುದಷ್ಟೇ ಕಾಲೇಜಿನ ಕೈಯಲ್ಲಿದೆ. ಅಂದರೆ ಆ ಹುಡುಗ ವರ್ಷವಿಡೀ ಓದಿದ್ದಾನೆ, ಪಾಠ ಮುಗಿಯುತ್ತಾ ಬಂದಿದೆ, ಪರೀಕ್ಷೆಯಷ್ಟೇ ಬಾಕಿ. ಅದನ್ನು ಬಿಡು ಅಂತ ಹೇಳೋದಾ?

ಊರಲ್ಲಿರುವ ಗೆಳೆಯರಿಗಾಗಿ ಹೇಳುತ್ತೇನೆ. ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ಎಪಿ ಪರೀಕ್ಷೆ ನಡೆಸುತ್ತದೆ. ಚೆನ್ನಾಗಿ ಬರೆದರೆ ಎಷ್ಟೋ ಕಾಲೇಜುಗಳಲ್ಲಿ ಆ ವಿಷಯ ಮತ್ತೆ ಓದಬೇಕಿಲ್ಲ, ಅದರ ಫೀಸೂ ಕಟ್ಟಬೇಕಿಲ್ಲ. 2025ರಲ್ಲಿ ಒಂದು ಪರೀಕ್ಷೆಗೆ 99 ಡಾಲರ್. ಹೆಸರು ಕೊಡುವುದು ನವೆಂಬರ್‌ನಲ್ಲೇ ಮುಗಿದಿರುತ್ತದೆ. ಈಗ ಬೇಡ ಅಂದರೆ 40 ಡಾಲರ್ ದಂಡ ಬೇರೆ. ಹಾಗಾದರೆ ಉಳಿಯುವುದು 59 ಡಾಲರ್! ಅಷ್ಟಕ್ಕೆ ಮೂರು ನಾಲ್ಕು ಕ್ರೆಡಿಟ್ ಕೈಬಿಡುವುದು ಯಾವ ಲೆಕ್ಕ?

ಕೊನೆಯ ವರ್ಷದ ಎಪಿ ಪರೀಕ್ಷೆಗೂ ಅಡ್ಮಿಷನ್‌ಗೂ ಸಂಬಂಧವೇ ಇಲ್ಲ. ಯಾವ ಕಾಲೇಜು ಅಂತ ಸಾಮಾನ್ಯವಾಗಿ ಮೇ 1ಕ್ಕೇ ತೀರ್ಮಾನ ಆಗಿರುತ್ತದೆ. ಅಂಕ ಬರುವುದು ಜುಲೈನಲ್ಲಿ. ಕ್ರೆಡಿಟ್‌ಗೆ ಅಂತಲೇ ಬರೆಯುವ ಪರೀಕ್ಷೆ ಇದು. ಅಡ್ಮಿಷನ್ ಆದ ಮೇಲೆ ಅದರ ಬೆಲೆ ಇಳಿಯುವುದಿಲ್ಲ. ಯಾವ ಕಾಲೇಜು ಅಂತ ಗೊತ್ತಾಗಿರುವುದರಿಂದ ಎಷ್ಟು ಸಿಗುತ್ತದೆ ಅಂತ ಮೊದಲೇ ನೋಡಿಕೊಳ್ಳಬಹುದು.

"ದೊಡ್ಡ ಕಾಲೇಜುಗಳು ಕ್ರೆಡಿಟ್ ಕೊಡೋದೇ ಇಲ್ಲ" ಅಂತ ಸಾಲಿನಲ್ಲಿದ್ದ ಅವರು ಆಮೇಲೆ ನನಗೂ ಹೇಳಿದರು. ನಿಜ. ಕ್ಯಾಲ್‌ಟೆಕ್ ಕೊಡುವುದಿಲ್ಲ. ಬ್ರೌನ್‌ನಲ್ಲಿ ಡಿಗ್ರಿ ಲೆಕ್ಕಕ್ಕೆ ಬರುವುದಿಲ್ಲ. ಡಾರ್ಟ್‌ಮತ್ 2014ರಲ್ಲಿ ಸೇರಿದವರಿಂದಲೇ ನಿಲ್ಲಿಸಿತು. ಎಷ್ಟೋ ಮೆಡಿಕಲ್ ಸ್ಕೂಲುಗಳೂ ಬಯಾಲಜಿ, ಕೆಮಿಸ್ಟ್ರಿಗೆ ಎಪಿ ಕ್ರೆಡಿಟ್ ಒಪ್ಪುವುದಿಲ್ಲ. ಆದರೆ ನಮ್ಮ ಮಕ್ಕಳಲ್ಲಿ ಅಂಥ ಕಾಲೇಜಿಗೆ ಹೋಗುವವರು ಎಷ್ಟು ಜನ? ಆ ಕಾಲೇಜುಗಳ ಮಾತನ್ನು ತಂದು ಸ್ಟೇಟ್ ಯೂನಿವರ್ಸಿಟಿಗೆ ಹೋಗುವ ಹುಡುಗನ ತಲೆಗೆ ತುಂಬುವುದು ಅನ್ಯಾಯ. ಎಪಿ ಕ್ರೆಡಿಟ್ ತಗೊಂಡು ಕಾಲೇಜಿನ ಪಾಠ ಬಿಟ್ಟರೆ ಬುನಾದಿ ಗಟ್ಟಿಯಾಗಲ್ಲ ಅನ್ನುವವರೂ ಇದ್ದಾರೆ. ಎಂಜಿನಿಯರಿಂಗ್ ಓದುವವನಿಗೆ ಕ್ಯಾಲ್ಕುಲಸ್ ಮತ್ತೆ ಓದಬೇಕು ಅನ್ನಿಸಿದರೆ ಓದಲಿ, ಬೇಡ ಅಂದವರಾರು? ಅವನ ಹಿಸ್ಟರಿ, ಸೈಕಾಲಜಿ ಕ್ರೆಡಿಟ್‌ಗೂ ಆ ಬುನಾದಿಗೂ ಏನು ಸಂಬಂಧ?

ನಾನು ಇಲ್ಲಿ ಯಾವತ್ತೂ ಬರೆಯದ ಒಂದು ವಿಷಯ ಹೇಳಿಬಿಡುತ್ತೇನೆ. ಮಗಳು ಕಾಲೇಜಿನಲ್ಲಿದ್ದಾಗ ನಮ್ಮವರ ಕೆಲಸ ಹೋಯಿತು. ರಾತ್ರಿ ಊಟದ ಟೇಬಲ್ ಮೇಲೆ ಫೀಸಿನ ಬಿಲ್, ಮನೆ ಸಾಲದ ಕಾಗದ ಎಲ್ಲ ಹರಡಿಕೊಂಡು ಕೂರುತ್ತಿದ್ದೆವು. ಅವಳಿಗೆ ಎಪಿಯಿಂದ ಬಂದ ಕ್ರೆಡಿಟ್ ಇದ್ದವು. ಯು.ಎಸ್. ಹಿಸ್ಟರಿಯಲ್ಲಿ ಬಂದಿದ್ದು ಬರೀ 3, ಅದೂ ಲೆಕ್ಕಕ್ಕೆ ಬಂತು. ಒಂದು ಸೆಮಿಸ್ಟರ್ ಮೊದಲೇ ಡಿಗ್ರಿ ಮುಗಿಸಿದಳು. ಆ ಸೆಮಿಸ್ಟರಿನ ಫೀಸು, ರೂಮಿನ ಬಾಡಿಗೆ, ಊಟದ ಖರ್ಚು ಉಳಿದಿದ್ದು ಆಗ ನಮ್ಮ ಜೀವ ಉಳಿಸಿತು. ಮೇ ತಿಂಗಳಲ್ಲಿ ಅವಳು ಗೊಣಗಿಕೊಂಡೇ ಪರೀಕ್ಷೆಗೆ ಹೋಗಿದ್ದಳು. ಹೋಗು ಅಂತ ಹಟ ಹಿಡಿದಿದ್ದು ನಾನೇ.

ಎಚ್-4 ವೀಸಾದಲ್ಲಿರುವ, ಅಂದರೆ ಕೆಲಸದ ವೀಸಾದಲ್ಲಿ ಬಂದ ಅಪ್ಪ ಅಮ್ಮನ ಜೊತೆಗಿರುವ ಮಕ್ಕಳ ವಿಷಯವಂತೂ ಇನ್ನೂ ಕಷ್ಟ. ಅವರಿಗೆ ಫೆಡರಲ್ ಸಾಲ ಸಿಗುವುದಿಲ್ಲ, ಕೆಲಸ ಮಾಡುವಂತಿಲ್ಲ. ಅಪ್ಪ ಅಮ್ಮನ ಗ್ರೀನ್ ಕಾರ್ಡ್ ಬರುವಷ್ಟರಲ್ಲಿ 21 ತುಂಬಿದರೆ ಆ ವೀಸಾನೂ ಇಲ್ಲ, ಓದು ಮುಂದುವರಿಸಲು ಎಫ್-1 ಅನ್ನುವ ವಿದ್ಯಾರ್ಥಿ ವೀಸಾಗೆ ಹೋಗಬೇಕು. ಹದಿನೆಂಟಕ್ಕೆ ಕಾಲೇಜು ಸೇರಿದ ಮಗುವಿಗೆ ನಾಲ್ಕು ವರ್ಷದ ಡಿಗ್ರಿಯನ್ನು ಮೂರೇ ವರ್ಷದಲ್ಲಿ ಮುಗಿಸುವ ದಾರಿ ಸಿಕ್ಕರೆ ಅದು ಸಣ್ಣ ಮಾತಾ? ನಮ್ಮ ಕೂಟದಲ್ಲೇ ಅಂಥ ಎಷ್ಟು ಮನೆಗಳಿವೆ, ನಿಮಗೇ ಗೊತ್ತು.

ಹತ್ತು ಹನ್ನೆರಡು ಎಪಿ ತೆಗೆದುಕೊಂಡು ಮಕ್ಕಳು ನಿದ್ದೆಗೆಡಲಿ ಅಂತ ನಾನು ಹೇಳುತ್ತಿಲ್ಲ. ಓದಿರುವುದನ್ನು ಬರೆಯಲಿ, ಅಷ್ಟೇ. ಮಗ ಅಥವಾ ಮಗಳ ಜೊತೆ ಕೂತು ಕಾಲೇಜಿನ ವೆಬ್‌ಸೈಟಿನಲ್ಲಿ ಎಪಿ ಕ್ರೆಡಿಟ್ ಪಟ್ಟಿ ತೆರೆಯಿರಿ. ಒಂದು ಕಡೆ ವಿಷಯ, ಪಕ್ಕದಲ್ಲಿ 3, 4, 5, ಅದರ ಪಕ್ಕ ಯಾವ ಕೋರ್ಸ್, ಎಷ್ಟು ಕ್ರೆಡಿಟ್ ಅಂತ ಇರುತ್ತದೆ. ಅಲ್ಲಿ ಏನೂ ಸಿಗಲ್ಲ ಅಂತಿದ್ದರೆ ಬಿಡಿ, ನಾನೂ ಬೇಡ ಅನ್ನುತ್ತೇನೆ. ಸಿಗುತ್ತದೆ ಅಂತಿದ್ದರೆ ಬರೆಸಿ. ಜೂನ್ 20ರೊಳಗೆ ಕಾಲೇಜಿನ ಹೆಸರು ಆರಿಸಿದರೆ ಅಂಕಪಟ್ಟಿ ಒಂದು ಕಡೆಗೆ ಪುಕ್ಕಟೆ ಹೋಗುತ್ತದೆ, ಅದನ್ನೂ ಮರೆಯಬೇಡಿ. ಆ ಹುಡುಗನ ಅಮ್ಮನ ನಂಬರ್ ಇಸ್ಕೊಂಡು ಬಂದಿದ್ದೇನೆ. ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ.