ಪಾಯಿಂಟ್ ಒನ್ ಪುರಾಣ

ಪರಿಚಯದ ಹುಡುಗನೊಬ್ಬ ತನ್ನ ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋಗೆ ಬೀಗ ಹಾಕಿ ಸಾಮಾನೆಲ್ಲ ಮಾರುತ್ತಿದ್ದ. “ಸಾರ್, ಸಬ್‌ವೂಫರ್ ಒಂದು ಉಳಿದಿದೆ. ನಿಮಗಾದ್ರೆ ಅರ್ಧ ರೇಟು” ಅಂದ. ಸಬ್‌ವೂಫರ್ ಅಂದರೆ ತಗ್ಗಿನ ಗುಡುಗು ಸದ್ದಿಗೆಂದೇ ಇರುವ ಸ್ಪೀಕರ್ ಡಬ್ಬಿ. ಅರ್ಧ ರೇಟು ಅಂದರೆ ನನ್ನ ಬುದ್ಧಿ ಪೂರ್ತಿ ಹೋಗುತ್ತದೆ.

22 ಕಿಲೋ. ಮೆಟ್ಟಿಲ ಮೇಲೆ ಒಂದು ಕೈ ಹಿಡಿದ ಆಟೋದವನು ಏದುಸಿರು ಬಿಡುತ್ತಾ “ಗ್ರೈಂಡರ್ರಾ ಸಾರ್?” ಎಂದ. ಆ ಭಾರಕ್ಕೆ ಕಾರಣವಿದೆ. ನಮ್ಮ ಹಾಲ್‌ನಲ್ಲಿದ್ದ ಐದು ಸ್ಪೀಕರ್‌ಗಳೂ ರಿಸೀವರ್ (ಟಿವಿಯ ಸದ್ದನ್ನು ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ) ಹಾಕಿದ ಅನ್ನ ತಿಂದು ಹಾಡುವಂಥವು. ಇದು ಹಾಗಲ್ಲ. ಆಂಪ್ಲಿಫೈಯರ್ ಹೊಟ್ಟೆಯೊಳಗೇ ಇದೆ, ಕರೆಂಟಿಗೆ ಬೇರೆ ಪ್ಲಗ್ಗು. ರಿಸೀವರ್ ಕಳಿಸುವುದು ಒಂದು ಚೀಟಿಯಷ್ಟು ಸಿಗ್ನಲ್ ಮಾತ್ರ. ದುಡಿಮೆಯೆಲ್ಲ ಸ್ವಂತ ರಟ್ಟೆಯದು. ಇಂಥದ್ದಕ್ಕೇ ಪವರ್ಡ್ ಸಬ್‌ವೂಫರ್ ಅನ್ನುವುದು.

“ಐದು ಇದಾವಲ್ಲ, ಇದೊಂದು ಯಾಕ್ರೀ?” ಎಂದಳು ಹೆಂಡತಿ. ಸಿನಿಮಾದ ಸದ್ದನ್ನು ಹಂಚುವ ಫೈವ್ ಪಾಯಿಂಟ್ ಒನ್‌ನಲ್ಲಿ ಆ ಪಾಯಿಂಟ್ ಒನ್ ಇದೇ ಎಂದು ವಿವರಿಸಿದೆ. ಗುಡುಗು, ಬಾಂಬು, ಭೂಕಂಪಗಳಿಗೆಂದು ಮೀಸಲಾದ ಪ್ರತ್ಯೇಕ ಚಾನೆಲ್ಲು. ಸದ್ದಿನ ಕಂಪನ ಸೆಕೆಂಡಿಗೆ ಎಷ್ಟು ಎಂಬ ಲೆಕ್ಕವೇ ಹರ್ಟ್ಸ್, ಕಡಿಮೆಯಾದಷ್ಟೂ ಸ್ವರ ತಗ್ಗು. ಮಿಕ್ಕ ಐದೂ 20,000 ಹರ್ಟ್ಸ್‌ವರೆಗೆ ಓಡಾಡಿದರೆ ಇದು 120 ದಾಟುವುದಿಲ್ಲ. ಅದಕ್ಕೇ ಪೂರ್ತಿ ಒಂದು ಅನ್ನಿಸಿಕೊಳ್ಳದೆ ಚುಕ್ಕಿಯ ಆಚೆ ನಿಂತಿದೆ. ಈ ಮನೆಯಲ್ಲಿ ನನ್ನ ಮಾತೂ ಹೆಚ್ಚುಕಡಿಮೆ ಅಲ್ಲೇ ನಿಂತಿರುವುದರಿಂದ ನನಗೆ ಅದರ ಮೇಲೆ ತುಸು ಮಮತೆ ಹುಟ್ಟಿತು.

ಮಮತೆಗೆ ಮೊದಲ ಪೆಟ್ಟು ಬಿದ್ದದ್ದು ವೈರಿನಿಂದ. ಸ್ಟುಡಿಯೋ ಡಬ್ಬಿಗೆ ಮೈಕಿಗೆ ಚುಚ್ಚುವಂಥ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತೂತುಗಳು. ರಿಸೀವರ್‌ನಲ್ಲಿ ಇರುವುದು ಹಳೇ ಟಿವಿಯ ಹಿಂದಿನ ದುಂಡು ತೂತಿನಂಥ ಒಂದೇ ಒಂದು ಆರ್‌ಸಿಎ. ಎಸ್.ಪಿ. ರೋಡಿಗೆ ಹೋಗಿ ಈ ತುದಿ ಅದು, ಆ ತುದಿ ಇದು ಇರುವ ಕೇಬಲ್ ತಂದು ಚುಚ್ಚಿದೆ. ಸ್ವಿಚ್ ಹಾಕಿದ್ದೇ “ಹೂಂ…” ಎಂದಿತು. ಸಿನಿಮಾ ಹಾಕಿದರೂ ಹೂಂ, ತೆಗೆದರೂ ಹೂಂ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ನಾನೂ ಇಷ್ಟು ಒಪ್ಪಿಗೆ ಸೂಚಿಸಿದವನಲ್ಲ.

ಗೆಳೆಯನಿಗೆ ಫೋನ್ ಮಾಡಿದರೆ “ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿಬಿಡು” ಅಂದ. ಇಕ್ಕಳ ಹುಡುಕುತ್ತಿದ್ದಾಗ ಕೆಳಗಿನ ಮನೆಯ ಓನರ್ ಅಂಕಲ್ ಮೇಲೆ ಬಂದರು. ವಿದ್ಯುತ್ ಇಲಾಖೆಯಲ್ಲಿದ್ದು ರಿಟೈರ್ ಆದವರು. ಬಾಗಿಲಲ್ಲೇ ನಿಂತು, ಕಣ್ಣು ಮುಚ್ಚಿ, ರಾಗ ಗುರುತು ಹಿಡಿಯುವವರಂತೆ ತಲೆ ವಾಲಿಸಿದರು.

“50 ಹರ್ಟ್ಸ್” ಎಂದರು. “ಇದು ನಿನ್ನ ಡಬ್ಬಿ ಹಾಡ್ತಿರೋದಲ್ಲಪ್ಪ, ನಮ್ಮ ಕರೆಂಟ್ ಲೈನು. ಮೂವತ್ತೈದು ವರ್ಷ ಇದರ ಜತೆ ಸಂಸಾರ ಮಾಡಿದೀನಿ, ಗೊತ್ತಾಗಲ್ವಾ?”

ಇಕ್ಕಳ ನೋಡಿ ಕಣ್ಣು ಕೆಂಪು ಮಾಡಿದರು. ಅರ್ಥ್ ಕಿತ್ತರೆ ಸದ್ದು ಹೋಗುತ್ತದೆ, ಜತೆಗೆ ಒಂದು ದಿನ ನೀನೂ ಹೋಗುತ್ತೀಯ ಎಂದರು. ಆಮೇಲೆ ಸೆಟ್‌ಟಾಪ್ ಬಾಕ್ಸ್‌ನಿಂದ ಟಿವಿ ಕೇಬಲ್ಲನ್ನು ಎಳೆದರು. ಹೂಂಕಾರ ನಿಂತಿತು! ಬೀದಿಯಿಂದ ಬರುವ ಕೇಬಲ್ಲಿನ ಅರ್ಥ್ ಒಂದು, ಗೋಡೆಯ ಪ್ಲಗ್ಗಿನದು ಇನ್ನೊಂದು. ಎರಡೂ ನನ್ನ ವೈರುಗಳ ಮೂಲಕ ಕೈ ಹಿಡಿದುಕೊಂಡು ಸುತ್ತು ಹೊಡೆಯುತ್ತಿದ್ದವಂತೆ. ಟಿವಿಯಿಂದ ರಿಸೀವರ್‌ಗೆ ತಾಮ್ರದ ತಂತಿ ಬಿಟ್ಟು, ಬೆಳಕಿನಲ್ಲೇ ಸದ್ದು ಸಾಗಿಸುವ ಆಪ್ಟಿಕಲ್ ಕೇಬಲ್ ಹಾಕಿದ ಮೇಲೆ ಆ ಗೆಳೆತನ ಶಾಶ್ವತವಾಗಿ ಮುರಿಯಿತು.

ಈಗ ಗುಡುಗಬೇಕಲ್ಲ? ಸೋಫಾದಲ್ಲಿ ಕೂತರೆ ಸಪ್ಪೆ. ಅಡುಗೆಮನೆಯಿಂದ ಮಾತ್ರ “ರೀ, ಸ್ಟ್ಯಾಂಡಿನ ತಟ್ಟೆಯೆಲ್ಲ ಕುಣೀತಿದಾವೆ” ಎಂಬ ಕೂಗು. ಲೆಕ್ಕ ಹಾಕಿದೆ. ಹಾಲ್ 14 ಅಡಿ ಉದ್ದ. ಶಬ್ದ ಸೆಕೆಂಡಿಗೆ 343 ಮೀಟರ್ ಓಡುವುದರಿಂದ 40 ಹರ್ಟ್ಸ್ ಅಲೆ ಸುಮಾರು 28 ಅಡಿ ಉದ್ದವಿರುತ್ತದೆ. ಅದರ ಅರ್ಧ ನಮ್ಮ ಹಾಲ್‌ನಲ್ಲಿ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ. ಆ ಗೋಡೆಯ ಬುಡದಲ್ಲಿ ಅಬ್ಬರ, ಈ ಗೋಡೆಯ ಬುಡದಲ್ಲಿ ಅಬ್ಬರ, ನಟ್ಟನಡುವೆ ಸೊನ್ನೆ. ನನ್ನ ಸೋಫಾ ನಟ್ಟನಡುವೆ ಇತ್ತು. ಅರ್ಧ ರೇಟು ಕೊಟ್ಟವನು ನಾನು, ಗುಡುಗು ಪಾತ್ರೆಗಳಿಗೆ.

ಸೋಫಾವನ್ನು ಎರಡೂವರೆ ಅಡಿ ಹಿಂದೆ ಸರಿಸಿದೆ. ಇನ್ನು ಡಬ್ಬಿಯ ಜಾಗ. ಇದಕ್ಕೆ ಸ್ಟುಡಿಯೋದವರೂ ಒಪ್ಪುವ ಒಂದು ಉಪಾಯವಿದೆ: ಸಬ್‌ವೂಫರನ್ನೇ ನೀವು ಕೂರುವ ಜಾಗದಲ್ಲಿ ಕೂರಿಸಿ, ನೀವು ಅಂಬೆಗಾಲಿಡುತ್ತಾ ಗೋಡೆಗುಂಟ ಹೋಗಬೇಕು. ಎಲ್ಲಿ ತಗ್ಗಿನ ಸ್ವರಗಳೆಲ್ಲ ಸಮವಾಗಿ ಕೇಳುತ್ತವೋ ಅಲ್ಲೇ ಡಬ್ಬಿ ಇಡಬೇಕು. ನಾನು ಮಂಡಿಯೂರಿ, ಕಿವಿಯನ್ನು ನೆಲಕ್ಕೆ ಹತ್ತಿಸಿಕೊಂಡು ಷೋಕೇಸಿನ ಸಂದಿಗೆ ಬರುವುದಕ್ಕೂ ಊರಿಂದ ಅತ್ತೆ ಬ್ಯಾಗ್ ಹಿಡಿದು ಒಳಬರುವುದಕ್ಕೂ ಸರಿಹೋಯಿತು. ಸೋಫಾದ ಮೇಲೆ ಕಪ್ಪು ಡಬ್ಬಿ ಯಜಮಾನನಂತೆ ಕೂತಿದೆ, ಅಳಿಯ ನೆಲದ ಮೇಲಿದ್ದಾನೆ.

“ಏನ್ ಕಳಕೊಂಡ್ರಿ ಅಳಿಯಂದ್ರೇ?”

ಉತ್ತರಕ್ಕೂ ಕಾಯದೆ ಸೆರಗು ಸಿಕ್ಕಿಸಿ ಅವರೂ ನೆಲಕ್ಕಿಳಿದರು. ಐದು ನಿಮಿಷ ಇಬ್ಬರೂ ಎದುರುಬದುರು ದಿಕ್ಕಿನಲ್ಲಿ ಹುಡುಕಿದೆವು. ನನಗೆ ಜಾಗ ಸಿಕ್ಕಿತು. ಅವರಿಗೆ, ಹೋದ ಗೌರಿ ಹಬ್ಬದಲ್ಲಿ ಕಳೆದಿದ್ದ ಓಲೆಯ ತಿರುಪು ಸಿಕ್ಕಿತು. ಡಬ್ಬಿಯ ಕಾಲ್ಗುಣ ಒಳ್ಳೆಯದು ಎಂದು ಅತ್ತೆ ಆ ಕ್ಷಣವೇ ತೀರ್ಪು ಕೊಟ್ಟರು.

ಆದರೆ ನಾನು ಹುಡುಕಿದ ಜಾಗ ಈಶಾನ್ಯ. “ಅಲ್ಲಿ ಭಾರ ಇಡಬಾರದು. ಭಾರಕ್ಕೆ ನೈಋತ್ಯ” ಎಂದರು ಅತ್ತೆ. ನೈಋತ್ಯ ಅಂದರೆ ಎರಡು ಗೋಡೆ ಕೂಡುವ ಮೂಲೆ, ಅಲ್ಲಿಟ್ಟರೆ ಕೋಣೆಯ ಎಲ್ಲ ಗುಂಯ್‌ಗುಡುವಿಕೆಗೂ ತುಪ್ಪ ಸುರಿದಂತೆ. ವಾಸ್ತುವಿನ ಮುಂದೆ ಭೌತಶಾಸ್ತ್ರ ಸೋತಿತು. ವಾಲ್ಯೂಮ್ ಇಳಿಸಿದೆ, ಡಬ್ಬಿಯ ಅಲೆಯನ್ನು ಮಿಕ್ಕ ಸ್ಪೀಕರುಗಳ ಅಲೆಯೊಂದಿಗೆ ಹೆಜ್ಜೆ ಹೊಂದಿಸುವ ಫೇಸ್ ಸ್ವಿಚ್ಚನ್ನು ಅತ್ತಿತ್ತ ಮಾಡಿ ಸದ್ದು ತುಂಬಿಬಂದ ಕಡೆ ಬಿಟ್ಟೆ. ತಗ್ಗಿನ ಸದ್ದು ಡಬ್ಬಿಗೆ, ಮಿಕ್ಕದ್ದು ಸ್ಪೀಕರುಗಳಿಗೆ ಎಂದು ಪಾಲು ಮಾಡುವ 80 ಹರ್ಟ್ಸ್ ಗೆರೆಯನ್ನು (ಕ್ರಾಸ್‌ಓವರ್) ರಿಸೀವರೂ ಎಳೆದು ಡಬ್ಬಿಯೂ ಎಳೆದು, ಅತ್ತೆ ಸೊಸೆ ಇಬ್ಬರೂ ನೀರು ಬೆರೆಸಿದ ಸಾರಿನಂತೆ ಆಗಿದ್ದನ್ನೂ ಕಂಡುಹಿಡಿದು, ಡಬ್ಬಿಯ ಕ್ರಾಸ್‌ಓವರ್ ತಿರುಪನ್ನು ಮೇಲಿನ ತುದಿಗೆ ತಿರುಗಿಸಿ ಅದರ ಗೆರೆಯನ್ನು ದಾರಿಯಿಂದ ಸರಿಸಿದೆ.

ಸಿನಿಮಾ ನೋಡಲು ಮಾತ್ರ ಇನ್ನೂ ಪುರಸೊತ್ತಾಗಿಲ್ಲ. ರಿಮೋಟ್ ಅತ್ತೆಯ ಕೈಯಲ್ಲಿದೆ. ಧಾರಾವಾಹಿಯಲ್ಲಿ ಪಾಯಿಂಟ್ ಒನ್ ಚಾನೆಲ್ ಇಲ್ಲದಿದ್ದರೇನು, ಚಿಕ್ಕ ಸ್ಪೀಕರ್‌ಗಳ ಕೈಲಾಗದ ತಗ್ಗಿನ ಸದ್ದನ್ನೆಲ್ಲ ರಿಸೀವರ್ ಇದರ ತಲೆಗೇ ಕಟ್ಟುತ್ತದೆ. ಖಳನಾಯಕಿ ಕಣ್ಣು ತಿರುಗಿಸಿದಾಗಲೆಲ್ಲ ನೈಋತ್ಯ ಮೂಲೆ “ಢಂ” ಎನ್ನುತ್ತದೆ. ಮೊನ್ನೆ ಓನರ್ ಅಂಕಲ್ ಎದುರಾದಾಗ ಕ್ಷಮೆ ಕೇಳೋಣವೆಂದು ಬಾಯಿ ತೆರೆದೆ. ಅವರೇ ಹತ್ತಿರ ಬಂದು ಮೆಲ್ಲಗೆ ಕೇಳಿದರು:

“ನಿನ್ನೆ ಒಂಬತ್ತೂವರೆಗೆ ಸಾಲಾಗಿ ಮೂರು ಸಲ ಢಂ ಅಂತಲ್ಲಪ್ಪ. ಸೊಸೆಗೆ ವಿಷಯ ಗೊತ್ತಾಗೋಯ್ತಾ?”