ಇಸ್ಲಾಂ ಪರಿಚಯದ ಪತ್ರಿಕೆ: ಪರೀಕ್ಷೆ ಬೇಡ, ವರದಿ ಸಾಕೇ? ಪರ-ವಿರೋಧ

ಪರ: ಬಾಯಿಪಾಠಕ್ಕೆ ಅಂಕ ಕೊಟ್ಟಿದ್ದು ಸಾಕು
(ಚಿತ್ರದುರ್ಗದ ಇತಿಹಾಸ ಉಪನ್ಯಾಸಕಿ)

'ಇಸ್ಲಾಮಿನ ಐದು ಮೂಲ ಕರ್ತವ್ಯಗಳನ್ನು ವಿವರಿಸಿ.' ಹತ್ತು ಅಂಕ. ಪದವಿ ತರಗತಿಗೆ ಇಸ್ಲಾಂ ಬಗ್ಗೆ ಒಂದು ಘಟಕ ಇದ್ದರೂ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರವೂ ಎಲ್ಲರಿಗೂ ಗೊತ್ತು. ಕಲಿಮಾ (ನಂಬಿಕೆಯ ಘೋಷಣೆ), ನಮಾಜ್, ರೋಜಾ (ಉಪವಾಸ), ಝಕಾತ್ (ಕಡ್ಡಾಯ ದಾನ), ಹಜ್. ಒಂದೊಂದಕ್ಕೆ ಎರಡು ಸಾಲು, ಎರಡು ಅಂಕ. ಗೈಡಿನಲ್ಲಿ ಇದ್ದದ್ದು ಉತ್ತರ ಪತ್ರಿಕೆಗೆ ಇಳಿಯುತ್ತದೆ. ಹಾಲ್‌ನಿಂದ ಹೊರಗೆ ಬರುವಷ್ಟರಲ್ಲಿ ತಲೆ ಖಾಲಿ.

ಝಕಾತ್ ಅಂದರೆ ಆದಾಯದ ಶೇ 2.5 ಎಂದು ಬರೆದವರಿಗೂ ಪೂರ್ತಿ ಅಂಕ ಬಿದ್ದದ್ದನ್ನು ನೋಡಿದ್ದೇನೆ. ಅದು ಆದಾಯದ ಮೇಲಲ್ಲ. ಖರ್ಚೆಲ್ಲ ಕಳೆದು, ನಿಸಾಬ್ ಎಂಬ ಮಿತಿ ದಾಟಿ, ಒಂದು ಚಾಂದ್ರಮಾನ ವರ್ಷ ಕೈಯಲ್ಲಿ ಉಳಿದ ಸಂಪತ್ತಿನ ಮೇಲೆ. ನನ್ನ ವಿದ್ಯಾರ್ಥಿಯೊಬ್ಬ ಇದನ್ನು ಕಲಿತದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ. ಅಸೈನ್‌ಮೆಂಟ್‌ಗೆ ಅಂತ ಹೋಗಿ ಮಾಲೀಕರೊಬ್ಬರನ್ನು ಕೂರಿಸಿಕೊಂಡು ಕೇಳಿದ. ಒಲೆ, ಬಾಣಲೆ, ಕಟ್ಟಡಕ್ಕೆ ಝಕಾತ್ ಇಲ್ಲ. ಭತ್ತದ ದಾಸ್ತಾನು, ಮಾರಲು ಇಟ್ಟ ಮಂಡಕ್ಕಿ, ಕೈಲಿರುವ ನಗದು, ಬರಬೇಕಾದ ಬಾಕಿ ಎಲ್ಲ ಕೂಡಿಸಿ, ಕೊಡಬೇಕಾದ ಸಾಲ ಕಳೆಯಬೇಕು. ರಂಜಾನ್‌ನಲ್ಲೇ ಯಾಕೆ ಕೊಡ್ತೀರಿ ಅಂತಲೂ ಕೇಳಿದ್ದ. ಪುಣ್ಯ ಜಾಸ್ತಿ ಅಂತ, ಕಡ್ಡಾಯ ಏನಿಲ್ಲ ಎಂದರಂತೆ. ಯಾವ ಗೈಡ್ ಇದನ್ನು ಹೇಳುತ್ತೆ?

ಇನ್ನೊಬ್ಬಳ ವಿಷಯ ಹೇಳಲೇಬೇಕು. ಚಳ್ಳಕೆರೆ ಕಡೆಯ ಹುಡುಗಿ. ಅವರ ಊರಲ್ಲಿ ಮುಸ್ಲಿಮರ ಮನೆ ಒಂದೂ ಇಲ್ಲ. ಆದರೂ ಮೊಹರಂ ಬಂತೆಂದರೆ ಬಾಬಯ್ಯನ ಹಬ್ಬ ಜೋರು. ಹಸ್ತದ ಆಕಾರದ ಪಂಜಾ ಕೂರಿಸುತ್ತಾರೆ. ಪಕ್ಕದ ಊರಿಂದ ದರ್ಗಾ ನೋಡಿಕೊಳ್ಳುವ ಮುಜಾವರ್ ಬಂದು ಸಕ್ಕರೆ ಓದಿಸಿ ಕೊಡುತ್ತಾರೆ. ಹರಕೆ ಹೊತ್ತವರು ಫಕೀರರಾಗುತ್ತಾರೆ, ಕೆಂಡ ಹಾಯುತ್ತಾರೆ. ಪರೀಕ್ಷೆಯಲ್ಲಿ ಮೊಹರಂ ಬಗ್ಗೆ ಐದು ಅಂಕದ ಟಿಪ್ಪಣಿ ಕೇಳಿದಾಗ ಇವಳು ಇದನ್ನೇ ಬರೆದಳು. ಆಮೇಲೆ ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿ ನೋಡಿದರೆ ಅಷ್ಟಕ್ಕೂ ಅಡ್ಡಗೆರೆ. ಕೊಟ್ಟದ್ದು ಒಂದೂವರೆ ಅಂಕ. ಮೌಲ್ಯಮಾಪಕರಿಗೆ ಬೇಕಿದ್ದದ್ದು ಕ್ರಿ.ಶ. 680, ಕರ್ಬಲಾ ಯುದ್ಧ, ಅಲ್ಲಿ ಹುತಾತ್ಮರಾದ ಪ್ರವಾದಿಯ ಮೊಮ್ಮಗ ಹುಸೇನ್. ಅಷ್ಟೇ.

ಹುಡುಗಿಗೆ ಸಿಟ್ಟು ಬಂತು. ಮುಂದಿನ ಸೆಮಿಸ್ಟರ್‌ನ ಅಸೈನ್‌ಮೆಂಟ್‌ಗೆ ಅದೇ ವಿಷಯ ಎತ್ತಿಕೊಂಡಳು. ದುರ್ಗದ ಮೌಲಾನಾ ಒಬ್ಬರ ಹತ್ತಿರ ಹೋದಳು. "ಪಂಜಾ ಕೂರಿಸೋದು, ಕೆಂಡ ಹಾಯೋದು ನಮ್ಮ ಧರ್ಮದಲ್ಲಿ ಇಲ್ಲಮ್ಮ. ನಾವು ಆವತ್ತು ರೋಜಾ ಇರ್ತೀವಿ" ಎಂದರು. ಮನೆಗೆ ಹೋಗಿ ತಾತನನ್ನು ಕೇಳಿದಳು. "ಅವರದ್ದು ಅವರಿಗೆ. ಬಾಬಯ್ಯ ನಮ್ಮ ದೇವ್ರು" ಅಂದರು. ಎರಡನ್ನೂ ಹಾಗೇ ಬರೆದಳು. ಈ ಹಬ್ಬ ಇಲ್ಲಿಗೆ ಹೇಗೆ ಬಂತು ಎಂದು ಹುಡುಕುತ್ತಾ ಬಿಜಾಪುರದ ಆದಿಲ್‌ಶಾಹಿಗಳವರೆಗೆ ಹೋದಳು. ಅವರಲ್ಲಿ ಹಲವರು ಶಿಯಾ ಪಂಥದವರು, ಮೊಹರಂನಲ್ಲಿ ಹುಸೇನರಿಗಾಗಿ ಶೋಕ ಆಚರಿಸುವವರು. "ಸಂತೇಬೆನ್ನೂರಿನ ರಣದುಲ್ಲಾ ಖಾನ್ ಆದಿಲ್‌ಶಾಹಿಗಳ ಸೇನಾಪತಿನೇ ಅಲ್ವಾ ಮೇಡಂ?" ಅಂತ ನನ್ನನ್ನೇ ಕೇಳಿದಳು. ಇಂಥವಳಿಗೆ ಐದಕ್ಕೆ ಒಂದೂವರೆ ಕೊಡುವ ಪದ್ಧತಿ ಇಟ್ಟುಕೊಂಡು ಏನು ಮಾಡೋದು?

ವರದಿ ಅಂದರೆ ಪಕ್ಷಪಾತ ಆಗುತ್ತೆ ಅನ್ನುವವರಿದ್ದಾರೆ. ಪಕ್ಷಪಾತ ಎಲ್ಲಿಲ್ಲ ಹೇಳಿ? ಹೀಗನ್ನುವವರಿಗೆ ಬೇಕಿರುವುದು ಬೇಗ ಬಂಡಲ್ ಮುಗಿಸಿ ಮನೆಗೆ ಹೋಗುವುದು. ಮೂರು ಗಂಟೆಯ ಪರೀಕ್ಷೆ ಪೂರ್ತಿ ತೆಗೆಯಿರಿ. ಒಂದು ವರದಿ ಬರೆಸಿ. ಆಮೇಲೆ ಹತ್ತು ನಿಮಿಷ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿ. ನಕಲು ಹೊಡೆದಿದ್ದರೆ ಮೂರನೇ ಪ್ರಶ್ನೆಗೇ ಗೊತ್ತಾಗುತ್ತೆ.

ವಿರೋಧ: ಪರೀಕ್ಷೆ ಇರಲಿ
(ದಾವಣಗೆರೆಯ ನಿವೃತ್ತ ಪ್ರಾಧ್ಯಾಪಕ)

ಈ ಕಡೆಗೆ ಯಾರೂ ಸಿಗಲಿಲ್ಲ, ನೀವೇ ಬರೀರಿ ಸಾರ್ ಎಂದರು ಸಂಪಾದಕರು. ಬರೆಯುತ್ತಿದ್ದೇನೆ. ಮೇಡಂ ಅವರ ಲೇಖನವನ್ನೂ ಮೊದಲೇ ಕಳಿಸಿದ್ದರು. ಚೆನ್ನಾಗಿದೆ. ಆದರೆ ಅಂಥ ಹುಡುಗಿ ಕ್ಲಾಸಿಗೆ ಒಬ್ಬಳು. ಉಳಿದವರ ವರದಿ ಹೇಗಿರುತ್ತೆ ಅಂತ ನಾನು ಹೇಳುತ್ತೇನೆ. ಸಂತೇಬೆನ್ನೂರು ಹೊಂಡದ ಮುಂದೆ ಸೆಲ್ಫಿ, ಗೆಳೆಯನ ಮನೆಯಲ್ಲಿ ಬಿರಿಯಾನಿ, ಕೊನೆಗೆ 'ಎಲ್ಲ ಧರ್ಮಗಳ ಸಾರ ಒಂದೇ' ಎಂಬ ಸಾಲು. ಆ ಸಾಲು ನೋಡಿ ಅಂಕ ಕಡಿಯುವ ಮೇಷ್ಟ್ರು ಯಾರಿದ್ದಾರೆ? ಸುನ್ನಿಗಳ ಎರಡು ಧರ್ಮಶಾಸ್ತ್ರ ಪಂಥಗಳಾದ ಹನಫಿಗೂ ಶಾಫಿಗೂ ಏನು ವ್ಯತ್ಯಾಸ, ಭಟ್ಕಳದಲ್ಲಿ ಶಾಫಿಗಳು ಜಾಸ್ತಿ, ನಮ್ಮಲ್ಲಿ ಹನಫಿಗಳು ಜಾಸ್ತಿ, ಯಾಕೆ ಅಂತ ಕೇಳಿ ನೋಡಿ. ಅಲ್ಲಿ ಈ ಸಾಲು ಕೈ ಹಿಡಿಯಲ್ಲ. ಓದಿರಬೇಕು.

ಉತ್ತರ ಪತ್ರಿಕೆಯಲ್ಲಿ ಹೆಸರು ಇರುವುದಿಲ್ಲ, ನಂಬರ್ ಇರುತ್ತೆ. ಬರೆದವನು ರಾಮನೋ ರಹೀಮನೋ ತಿದ್ದುವವರಿಗೆ ಗೊತ್ತಿಲ್ಲ. ವರದಿಯ ಮೊದಲ ಪುಟದಲ್ಲೇ ಹೆಸರು, ಜೊತೆಗೆ ಹತ್ತು ನಿಮಿಷ ಎದುರು ಬೇರೆ ಕೂರಿಸಬೇಕಂತೆ. ರಹೀಮ ಚೆನ್ನಾಗಿ ಬರೆದರೆ 'ಇವನಿಗಿದು ಮನೆ ವಿಷಯ' ಅಂತ ಎರಡು ಅಂಕ ಕಮ್ಮಿ. ರಾಮ ಒಂದು ಕಟು ಪ್ರಶ್ನೆ ಎತ್ತಿದರೆ 'ಇವನು ಅವರ ಕಡೆ' ಅಂತ ಇನ್ನೆರಡು ಕಮ್ಮಿ. ಭೂಗೋಳದಲ್ಲಾದರೆ ನಡೆದೀತು. ಈ ವಿಷಯದಲ್ಲಿ, ಈ ಕಾಲದಲ್ಲಿ ಬೇಡ.

ಇನ್ನು ಓಡಾಟ. ವರದಿಗೆ ಅಂತ ಮಸೀದಿಗೆ ಹೋಗೋಣ ಅಂದರೆ ಶುಕ್ರವಾರ ಜುಮಾ (ಮಧ್ಯಾಹ್ನದ ಸಾಮೂಹಿಕ ನಮಾಜ್) ಹೊತ್ತಿಗೆ ಕ್ಲಾಸ್ ಇರುತ್ತೆ. ಸಂಜೆ ಜಗಳೂರು ಬಸ್ ತಪ್ಪಿದರೆ ಹಳ್ಳಿ ಹುಡುಗಿಯರು ಮನೆ ಸೇರೋದು ಹೇಗೆ? ನಮ್ಮ ಕಡೆ ಬಹಳಷ್ಟು ಮಸೀದಿಗಳಿಗೆ ಹೆಂಗಸರು ಹೋಗುವ ರೂಢಿಯೂ ಇಲ್ಲ.

ಪ್ರಶ್ನೆಗಳು ಹಳಸಿವೆ ಅನ್ನೋದನ್ನು ಒಪ್ಪುತ್ತೇನೆ. ಹಾಗಿದ್ದರೆ ಪ್ರಶ್ನೆ ಬದಲಿಸಿ. ಆ ಭಟ್ಟಿ ಲೆಕ್ಕವನ್ನೇ ಕೇಳಿ. ದಾಸ್ತಾನು 3 ಲಕ್ಷ, ನಗದು 2 ಲಕ್ಷ, ಸಾಲ 1 ಲಕ್ಷ, ಝಕಾತ್ ಎಷ್ಟು? ಉಳಿದ 4 ಲಕ್ಷಕ್ಕೆ ಶೇ 2.5ರಂತೆ 10 ಸಾವಿರ. ಹಾಲ್‌ನಲ್ಲಿ ಕೂತೇ ಬರೆಯಬಹುದು. ಬಾಬಯ್ಯನ ಹಬ್ಬ ಬೇಕಾದರೆ ಜಾನಪದ ವಿಭಾಗದವರು ನೋಡಿಕೊಳ್ಳಲಿ.

ಒಂದು ಕ್ಲಾಸಿಗೆ 60 ಮಂದಿ ಅಂದುಕೊಳ್ಳಿ. ಒಬ್ಬೊಬ್ಬರಿಗೆ ಹತ್ತು ನಿಮಿಷದಂತೆ ಬರೀ ಮಾತಿಗೇ ಹತ್ತು ಗಂಟೆ. ವರದಿ ಓದುವ ಹೊತ್ತು ಬೇರೆ. ಎಷ್ಟೋ ಕಾಲೇಜುಗಳಲ್ಲಿ ಪಾಠ ನಡೆಸುತ್ತಿರುವವರು ಅತಿಥಿ ಉಪನ್ಯಾಸಕರು. ಆ ಹೊತ್ತಿಗೆ ಅವರಿಗೆ ಸಂಬಳ ಯಾರು ಕೊಡ್ತಾರೆ ಅಂತ ಮೇಡಂ ಬರೆದಿಲ್ಲ.